ಮ್ಯೂನಿಕ್‌ಗೆ ಓದೋಕೆ ಹೊರಟವರಿಗೆ: ಮೊದಲು ವಿಳಾಸ, ಆಮೇಲೆ ಸಾಂಬಾರ್ ಪುಡಿ

ಅಡ್ಮಿಷನ್ ಬಂತು, ವೀಸಾ ಆಯ್ತು, ಟಿಕೆಟ್ಟೂ ಬುಕ್ ಆಯ್ತು. ಬೆಂಗಳೂರಿಂದ ಮ್ಯೂನಿಕ್‌ಗೆ 2023ರ ನವೆಂಬರ್‌ನಿಂದ ಲುಫ್ತಾನ್ಸಾದ ನೇರ ವಿಮಾನ ಇದೆ, ಹಾಗಾಗಿ ನಡುವೆ ಎಲ್ಲೂ ಇಳಿದು ಹತ್ತುವ ತಲೆನೋವಿಲ್ಲ. ಈ ಹಂತದಲ್ಲಿ ಎಲ್ಲರೂ ಕೇಳುವುದು ಒಂದೇ ಥರದ ಪ್ರಶ್ನೆ: ಕುಕ್ಕರ್ ತರಲಾ, ಸಾಂಬಾರ್ ಪುಡಿ ಎಷ್ಟು ಕೆಜಿ ಬೇಕು, ಜಾಕೆಟ್ ಇಲ್ಲೇ ತಗೊಳ್ಳಲಾ. ಅದಕ್ಕೆಲ್ಲ ಉತ್ತರ ಕೆಳಗಿದೆ. ಆದರೆ ಮೊದಲ ಎರಡು ತಿಂಗಳು ನಿಮ್ಮ ತಲೆ ತಿನ್ನೋದು ಕಾಗದಪತ್ರ. ಇಲ್ಲಿ ಒಂದು ಕಾಗದ ತೋರಿಸದೆ ಇನ್ನೊಂದು ಕಾಗದ ಸಿಗಲ್ಲ, ಮತ್ತು ಆ ಸಾಲಿನಲ್ಲಿ ಎಲ್ಲಕ್ಕಿಂತ ಮುಂದೆ ನಿಂತಿರುವುದು ನಿಮ್ಮ ಮನೆ ವಿಳಾಸ. ವಿಳಾಸ ಇದ್ದರೆ ನೋಂದಣಿ, ನೋಂದಣಿ ಆದರೆ ಟ್ಯಾಕ್ಸ್ ನಂಬರ್, ರೆಸಿಡೆನ್ಸ್ ಪರ್ಮಿಟ್, ಪಾರ್ಟ್‌ಟೈಮ್ ಕೆಲಸ. ಈ ಕ್ರಮ ಹಿಡಿದು ಹೋದವರು ನವೆಂಬರ್ ಹೊತ್ತಿಗೆ ನೆಮ್ಮದಿಯಾಗಿ ಕ್ಲಾಸಿಗೆ ಹೋಗುತ್ತಾರೆ. ಹಿಡಿಯದವರು ಕ್ರಿಸ್‌ಮಸ್ ಬಂದರೂ ಅಪಾಯಿಂಟ್‌ಮೆಂಟ್ ಹುಡುಕುತ್ತಿರುತ್ತಾರೆ.

ಮನೆ, ಅಂದರೆ ದುಡ್ಡಿನ ಲೆಕ್ಕ

ವೀಸಾಗೆ ಅಂತ ಬ್ಲಾಕ್ಡ್ ಅಕೌಂಟ್‌ನಲ್ಲಿ 11,904 ಯೂರೋ ಇಟ್ಟಿರುತ್ತೀರಿ. ಅದು ತಿಂಗಳಿಗೆ 992ರ ಹಾಗೆ ಕೈಗೆ ಬರುತ್ತದೆ. ಈ ಲೆಕ್ಕ ಇಡೀ ಜರ್ಮನಿಗೆ ಒಂದೇ. ಬಾಡಿಗೆ ಮಾತ್ರ ಒಂದೇ ಅಲ್ಲ, ದೇಶದಲ್ಲೇ ದುಬಾರಿ ಊರು ಮ್ಯೂನಿಕ್. ನಾಲ್ಕು ಜನ ಸೇರಿ ಇರುವ ಮನೆಯಲ್ಲಿ ಒಂದು ರೂಮಿಗೆ 700-800 ಯೂರೋ ಮಾಮೂಲಿ. ಹೆಲ್ತ್ ಇನ್ಶೂರೆನ್ಸ್ 150ರ ಆಸುಪಾಸು. ಎರಡನ್ನೂ 992ರಿಂದ ಕಳೆದು ನೋಡಿ. ಊಟ, ಓಡಾಟ, ಫೋನು ಎಲ್ಲಕ್ಕೂ ಸೇರಿ ನೂರೈವತ್ತು ಯೂರೋ ಕೂಡ ಉಳಿಯಲ್ಲ, ಅಲ್ವಾ? ಹಾಗಾಗಿ ಒಂದೋ ಸ್ಟುಡೆಂಟ್ ಹಾಸ್ಟೆಲ್ ಸಿಗಬೇಕು, ಇಲ್ಲ ಊರಾಚೆ ಇರಬೇಕು, ಇಲ್ಲ ಮೊದಲ ಆರು ತಿಂಗಳಿಗೆ ಮನೆಯಿಂದ ಇನ್ನಷ್ಟು ದುಡ್ಡು ಬರಬೇಕು. ಇದನ್ನು ಅಪ್ಪ ಅಮ್ಮನ ಜೊತೆ ಕೂತು ಮೊದಲೇ ಮಾತಾಡಿಕೊಳ್ಳಿ. "ಜರ್ಮನಿಯಲ್ಲಿ ಓದು ಫ್ರೀಯಂತೆ" ಅನ್ನುವ ಚಿಕ್ಕಪ್ಪ ಪ್ರತಿ ಮನೆಯಲ್ಲೂ ಒಬ್ಬರು ಇರುತ್ತಾರೆ. ಅವರ ಮಾತು ಈಗ ಪೂರ್ತಿ ನಿಜವಲ್ಲ. ಇಲ್ಲಿನ ಟೆಕ್ನಿಕಲ್ ಯೂನಿವರ್ಸಿಟಿ, ಅಂದರೆ ಟಿಯುಎಂ, 2024-25ರ ಚಳಿಗಾಲದ ಸೆಮಿಸ್ಟರ್‌ನಿಂದ ಯುರೋಪಿನ ಹೊರಗಿಂದ ಬರುವ ಹೊಸಬರಿಗೆ ಫೀಸು ಹಾಕಿದೆ. ಮಾಸ್ಟರ್ಸ್‌ಗೆ ಸೆಮಿಸ್ಟರ್‌ಗೆ 4,000ದಿಂದ 6,000 ಯೂರೋ. ಇಲ್ಲಿನ ಇನ್ನೊಂದು ದೊಡ್ಡ ಯೂನಿವರ್ಸಿಟಿ ಎಲ್‌ಎಂಯುನಲ್ಲಿ ಸಾಮಾನ್ಯವಾಗಿ ಅಂಥ ಫೀಸಿಲ್ಲ.

ಹಾಸ್ಟೆಲ್‌ಗಳನ್ನು ನಡೆಸುವುದು ಶ್ಟುಡೀರೆಂಡನ್‌ವೆರ್ಕ್ ಅನ್ನುವ ಸಂಸ್ಥೆ. ಅಡ್ಮಿಷನ್ ಪತ್ರ ಬಂದ ದಿನವೇ ಅವರ ವೆಬ್‌ಸೈಟಿನಲ್ಲಿ ಅರ್ಜಿ ಹಾಕಿ, ಆ ದಿನ ರಾತ್ರಿ ಪಾರ್ಟಿ ಆಮೇಲೆ ಮಾಡಿ. ಕಾಯುವ ಪಟ್ಟಿ ಉದ್ದ, ಕೆಲವು ಕಡೆ ಸೆಮಿಸ್ಟರ್‌ಗಟ್ಟಲೆ. 1972ರ ಒಲಿಂಪಿಕ್ಸ್‌ಗೆ ಕಟ್ಟಿದ ಒಲಿಂಪಿಕ್ ವಿಲೇಜ್‌ನಲ್ಲಿ ಪುಟ್ಟ ಪುಟ್ಟ ಬಂಗಲೆಗಳಿವೆ, ಎಲ್ಲರಿಗೂ ಅಲ್ಲೇ ಬೇಕು. ಫ್ರೈಮಾನ್ ಬಡಾವಣೆಯ ಸ್ಟೂಡೆಂಟೆನ್‌ಸ್ಟಾಟ್ ಹಾಸ್ಟೆಲ್ ತುಂಬಾ ದೊಡ್ಡದು, ಆದರೆ ಅಲ್ಲಿನ ಕೆಲವು ಎತ್ತರದ ಕಟ್ಟಡಗಳು ರಿಪೇರಿಗಾಗಿ ವರ್ಷಗಟ್ಟಲೆ ಖಾಲಿ ಬಿದ್ದಿದ್ದರಿಂದ ಪೈಪೋಟಿ ಇನ್ನೂ ಜಾಸ್ತಿಯಾಗಿದೆ. ಅರ್ಜಿ ಹಾಕಿ ಮರೆಯಬೇಡಿ. ಅವರು ಆಗಾಗ "ಇನ್ನೂ ಬೇಕಾ?" ಅಂತ ಕೇಳುತ್ತಾರೆ, ಉತ್ತರಿಸದಿದ್ದರೆ ಪಟ್ಟಿಯಿಂದ ಹೆಸರು ಹೋಗುತ್ತದೆ.

ಖಾಸಗಿ ರೂಮಿಗೆ ಎಲ್ಲರೂ ನೋಡುವುದು ವೇಗೆ-ಗೆಸೂಖ್ಟ್ ಅನ್ನುವ ಸೈಟು. ಜಾಹೀರಾತಿನಲ್ಲಿ ಬಾಡಿಗೆ ಎರಡು ಥರ ಬರೆದಿರುತ್ತಾರೆ. ಕಾಲ್ಟ್ ಅಂದರೆ ಬರೀ ಗೋಡೆಗೆ. ವಾರ್ಮ್ ಅಂದರೆ ಹೀಟಿಂಗು, ನೀರು, ಕಸದ ಖರ್ಚೂ ಸೇರಿ. ಕರೆಂಟು, ಇಂಟರ್ನೆಟ್ಟು ಕೆಲವೊಮ್ಮೆ ಬೇರೆ. ಲೆಕ್ಕ ಯಾವಾಗಲೂ ವಾರ್ಮ್‌ನಲ್ಲೇ ಹಾಕಿ. ಅಡ್ವಾನ್ಸ್ ಕಾನೂನಿನ ಪ್ರಕಾರ ಮೂರು ತಿಂಗಳ ಕಾಲ್ಟ್ ಬಾಡಿಗೆಗಿಂತ ಜಾಸ್ತಿ ಕೇಳುವಂತಿಲ್ಲ, ಅದನ್ನು ಮೂರು ಕಂತಿನಲ್ಲಿ ಕೊಡುವ ಹಕ್ಕೂ ನಿಮಗಿದೆ. ನಮ್ಮ ಬೆಂಗಳೂರಿನ ಹತ್ತು ತಿಂಗಳ ಅಡ್ವಾನ್ಸ್ ನೋಡಿದವರಿಗೆ ಇದು ಧರ್ಮವೇ ಅನ್ನಿಸುತ್ತದೆ.

ಮೋಸದ ಜಾಹೀರಾತೂ ಇದೇ ಸೈಟುಗಳಲ್ಲಿ ಬರುತ್ತದೆ, ಅದಕ್ಕೊಂದು ಸಿದ್ಧ ಕಥೆ ಇದೆ. ಊರಿನ ನಡುಮಧ್ಯದ ಮರೀನ್‌ಪ್ಲಾಟ್ಸ್ ಚೌಕದ ಪಕ್ಕದಲ್ಲೇ ಮನೆ, ಫೋಟೋ ಹೋಟೆಲ್ ಥರ, ಬಾಡಿಗೆ 400. ಓನರ್ ಈಗ ಲಂಡನ್‌ನಲ್ಲಿದ್ದಾರೆ, ಕೀ ಕೊರಿಯರ್ ಮಾಡುತ್ತಾರೆ, ನೀವು ಮೊದಲು ಅಡ್ವಾನ್ಸ್ ಕಳಿಸಬೇಕು, ನಂಬಿಕೆಗೆ ಅವರ ಪಾಸ್‌ಪೋರ್ಟ್ ಫೋಟೋನೂ ಕಳಿಸುತ್ತಾರೆ. ಆ ಪಾಸ್‌ಪೋರ್ಟು ನಿಮಗಿಂತ ಮೊದಲು ಮೋಸ ಹೋದ ಇನ್ಯಾರದ್ದೋ ಆಗಿರುತ್ತದೆ. ನೀವಾಗಲಿ, ನಿಮ್ಮ ಪರವಾಗಿ ಯಾರಾದರೂ ಆಗಲಿ ಒಳಗೆ ಕಾಲಿಟ್ಟು ನೋಡದ ಮನೆಗೆ ಒಂದು ಸೆಂಟೂ ಕಳಿಸಬೇಡಿ. ನಿಮ್ಮ ಪಾಸ್‌ಪೋರ್ಟ್ ಕಾಪಿಯನ್ನೂ ಕಳಿಸಬೇಡಿ.

ಇನ್ನೊಂದು ಪ್ರಶ್ನೆ, ಎಲ್ಲಕ್ಕಿಂತ ಮುಖ್ಯ: "ಇಲ್ಲಿ ಆನ್‌ಮೆಲ್ಡುಂಗ್ ಮಾಡಬಹುದಾ?" ಅಂದರೆ ಈ ವಿಳಾಸದಲ್ಲಿ ನನ್ನ ಹೆಸರು ನೋಂದಾಯಿಸಬಹುದಾ ಅಂತ. ರೂಮು ಚೆನ್ನಾಗಿದೆ, ಬಾಡಿಗೆ ಕಮ್ಮಿ, ಆದರೆ ಆನ್‌ಮೆಲ್ಡುಂಗ್ ಇಲ್ಲ ಅಂದರೆ ಅದು ಲಾಡ್ಜಿಗೆ ಸಮ. ಒಂದು ತಿಂಗಳ ಮಟ್ಟಿಗೆ ಪರವಾಗಿಲ್ಲ, ಅದಕ್ಕಿಂತ ಜಾಸ್ತಿ ಬೇಡ.

ದಿನಾಂಕದ ಬಗ್ಗೆ ಒಂದು ಮಾತು. ಚಳಿಗಾಲದ ಸೆಮಿಸ್ಟರ್ ಅಕ್ಟೋಬರ್ 1ಕ್ಕೆ ಶುರು, ಪಾಠ ಅಕ್ಟೋಬರ್ ಮಧ್ಯಕ್ಕೆ. ಸೆಪ್ಟೆಂಬರ್ ಕೊನೇ ವಾರದಲ್ಲಿ ಬಂದಿಳಿಯೋಣ ಅಂತ ಎಲ್ಲರಿಗೂ ಅನ್ನಿಸುತ್ತದೆ. ಸರಿಯಾಗಿ ಅದೇ ಹೊತ್ತಿಗೆ ಇಲ್ಲಿ ಅಕ್ಟೋಬರ್‌ಫೆಸ್ಟ್ ನಡೆಯುತ್ತಿರುತ್ತದೆ. ಹೆಸರು ಅಕ್ಟೋಬರ್, ಶುರುವಾಗುವುದು ಸೆಪ್ಟೆಂಬರ್‌ನಲ್ಲಿ. ಆ ಎರಡು ವಾರ ಪ್ರವಾಸಿಗರ ಹಾಸ್ಟೆಲ್ಲಿನ ಒಂದು ಹಾಸಿಗೆಗೂ ಕೇಳುವ ರೇಟು ನೋಡಿದರೆ ವಾಪಸ್ ಹೋಗೋಣ ಅನ್ನಿಸುತ್ತದೆ. ರೂಮು ಪಕ್ಕಾ ಆಗಿಲ್ಲದಿದ್ದರೆ ಸೆಪ್ಟೆಂಬರ್ ಮೊದಲ ವಾರದಲ್ಲೇ ಬನ್ನಿ.

ಊರೊಳಗೇ ಇರಬೇಕು ಅನ್ನುವ ಹಠ ಬಿಡುವುದೂ ಒಳ್ಳೆಯದು. ಟಿಯುಎಂನ ಬಹಳಷ್ಟು ಎಂಜಿನಿಯರಿಂಗ್, ಕಂಪ್ಯೂಟರ್ ಸೈನ್ಸ್ ಪಾಠಗಳು ನಡೆಯುವುದೇ ಗಾರ್ಕಿಂಗ್‌ನಲ್ಲಿ, ಊರಿನ ಉತ್ತರಕ್ಕೆ, ಯು6 ಮೆಟ್ರೋದ ಕೊನೆಯಲ್ಲಿ. ಅವರು ಗಾರ್ಕಿಂಗ್, ಫ್ರೈಸಿಂಗ್ ಕಡೆ ಹುಡುಕಬಹುದು. ಆಗ್ಸ್‌ಬರ್ಗ್‌ನಲ್ಲಿ ಇದ್ದುಕೊಂಡು ಮುಕ್ಕಾಲು ಗಂಟೆ ರೈಲಲ್ಲಿ ಬರುವವರೂ ಇದ್ದಾರೆ. ಒಂದು ಸಂಗತಿ ನೆನಪಿರಲಿ: ಗಾರ್ಕಿಂಗ್‌ನಲ್ಲಿ ಮನೆ ಮಾಡಿದರೆ ನಿಮ್ಮ ರೆಸಿಡೆನ್ಸ್ ಪರ್ಮಿಟ್ ಅರ್ಜಿ ಮ್ಯೂನಿಕ್ ನಗರದ ಆಫೀಸಿಗೆ ಬರಲ್ಲ, ಜಿಲ್ಲೆಯ ಲಾಂಡ್‌ರಾಟ್ಸ್‌ಆಮ್ಟ್‌ಗೆ ಹೋಗುತ್ತದೆ. ತಪ್ಪು ಆಫೀಸಿಗೆ ಅರ್ಜಿ ಹಾಕಿ ತಿಂಗಳು ಕಾಯಬೇಡಿ.

ನೋಂದಣಿ, ಮತ್ತು ಬಾಗಿಲಿನ ಅಂಚೆ ಡಬ್ಬಿ

ಮನೆ ಸೇರಿದ ಎರಡು ವಾರದೊಳಗೆ ನೋಂದಣಿ ಮಾಡಿಸಬೇಕು ಅಂತ ಕಾನೂನು. ಮ್ಯೂನಿಕ್‌ನಲ್ಲಿ ಇದು ಕೆವಿಆರ್ ಅನ್ನುವ ನಗರಾಡಳಿತ ಇಲಾಖೆಯ ಬ್ಯೂರ್ಗರ್‌ಬ್ಯೂರೋಗಳಲ್ಲಿ, ಅಂದರೆ ನಾಗರಿಕ ಸೇವಾ ಕಚೇರಿಗಳಲ್ಲಿ, ಆಗುತ್ತದೆ. ರುಪ್ಪರ್ಟ್‌ಸ್ಟ್ರಾಸೆಯಲ್ಲಿ ದೊಡ್ಡ ಆಫೀಸಿದೆ, ಬೇರೆ ಬೇರೆ ಬಡಾವಣೆಯಲ್ಲೂ ಇವೆ, ಯಾವುದಕ್ಕೆ ಬೇಕಾದರೂ ಹೋಗಬಹುದು. ಅಪಾಯಿಂಟ್‌ಮೆಂಟ್ ಆನ್‌ಲೈನ್‌ನಲ್ಲಿ. ಎಲ್ಲ ಭರ್ತಿ ಅಂತ ತೋರಿಸಿದರೆ ಬೆಳಗ್ಗೆ ಬೇಗ ಎದ್ದು ನೋಡಿ, ರದ್ದಾದವು ಬರುತ್ತಿರುತ್ತವೆ. ತಗೊಂಡು ಹೋಗಬೇಕಾದ್ದು ಪಾಸ್‌ಪೋರ್ಟ್, ಅರ್ಜಿ, ಮತ್ತು ಮನೆ ಕೊಟ್ಟವರು ಸಹಿ ಹಾಕಿದ ಒಂದು ಪುಟದ ದೃಢೀಕರಣ. ಆ ದೃಢೀಕರಣದ ಹೆಸರು ವೋನುಂಗ್ಸ್‌ಗೇಬರ್‌ಬೆಶ್ಟೇಟಿಗುಂಗ್. ಬಾಯಿಪಾಠ ಮಾಡಬೇಕಿಲ್ಲ, ಕೀ ಕೊಡುವ ದಿನವೇ ಓನರ್ ಕೈಯಿಂದ ಇಸ್ಕೊಳ್ಳಿ. ಬಾಡಿಗೆ ಕರಾರು ತೋರಿಸಿದರೆ ನಡೆಯಲ್ಲ, ಇದೇ ಕಾಗದ ಬೇಕು.

ಅರ್ಜಿಯಲ್ಲಿ ಧರ್ಮದ ಕಾಲಂ ಇದೆ. ಸುಮ್ನೆ ತುಂಬಬೇಡಿ. ಕ್ಯಾಥೊಲಿಕ್ ಅಥವಾ ಪ್ರೊಟೆಸ್ಟೆಂಟ್ ಅಂತ ಬರೆದರೆ ಮುಂದೆ ಸಂಬಳ ಬಂದು ಇನ್‌ಕಂ ಟ್ಯಾಕ್ಸ್ ಕಟ್ಟುವಾಗ ಚರ್ಚ್ ಟ್ಯಾಕ್ಸ್ ಕೂಡ ಹಿಡಿಯುತ್ತಾರೆ. ಬವೇರಿಯಾದಲ್ಲಿ ಅದು ಇನ್‌ಕಂ ಟ್ಯಾಕ್ಸಿನ 8 ಪರ್ಸೆಂಟ್. ಮಂಗಳೂರು, ಉಡುಪಿ ಕಡೆಯ ಕ್ಯಾಥೊಲಿಕ್ ಹುಡುಗ ಹುಡುಗಿಯರಿಗೆ ಇದು ಮೊದಲೇ ಗೊತ್ತಿರಲಿ. ಕೊಡುವುದು ಬಿಡುವುದು ಬೇರೆ ವಿಷಯ, ಏನು ಬರೆಯುತ್ತಿದ್ದೇನೆ ಅಂತ ತಿಳಿದು ಬರೆಯಿರಿ.

ಈಗ ಅಂಚೆ ಡಬ್ಬಿ. ಇದನ್ನು ಯಾರೂ ಹೇಳಿಕೊಡಲ್ಲ, ಅದಕ್ಕೇ ಸ್ವಲ್ಪ ಉದ್ದ ಬರೆಯುತ್ತೇನೆ. ಇಲ್ಲಿನ ಅಪಾರ್ಟ್‌ಮೆಂಟುಗಳಲ್ಲಿ ಸಾಮಾನ್ಯವಾಗಿ ಫ್ಲಾಟ್ ನಂಬರ್ ಇರಲ್ಲ. ಕಟ್ಟಡದ ನಂಬರ್ ಮಾತ್ರ. ಬಾಗಿಲ ಹತ್ತಿರ ಸಾಲಾಗಿ ಡಬ್ಬಿಗಳು, ಪ್ರತಿಯೊಂದರ ಮೇಲೂ ಬೆರಳಗಲದ ಪಟ್ಟಿ, ಅದರಲ್ಲಿ ಒಂದೋ ಎರಡೋ ಹೆಸರು. ಪೋಸ್ಟ್‌ಮ್ಯಾನ್ ನೋಡುವುದು ಆ ಹೆಸರನ್ನು. ಲಕೋಟೆ ಮೇಲಿನ ಹೆಸರು ಪಟ್ಟಿಯಲ್ಲಿ ಇಲ್ಲ ಅಂದರೆ ಪತ್ರ ಬಂದ ದಾರಿಯಲ್ಲೇ ವಾಪಸ್. ನಿಮ್ಮ ಟ್ಯಾಕ್ಸ್ ನಂಬರ್, ಬ್ಯಾಂಕ್ ಕಾರ್ಡು, ಅದರ ಪಿನ್ನು, ಇನ್ಶೂರೆನ್ಸ್ ಕಾರ್ಡು ಎಲ್ಲ ಬರುವುದು ಅಂಚೆಯಲ್ಲೇ. ಹಾಗಾಗಿ ಮನೆ ಸೇರಿದ ದಿನವೇ, ಹಾಸಿಗೆ ಹಾಸುವ ಮೊದಲೇ, ಒಂದು ಚೀಟಿಯಲ್ಲಿ ಹೆಸರು ಬರೆದು ಡಬ್ಬಿಗೂ ಕಾಲಿಂಗ್ ಬೆಲ್ಲಿಗೂ ಅಂಟಿಸಿ. ಓನರ್ ಆಮೇಲೆ ನೀಟಾಗಿ ಪ್ರಿಂಟ್ ಮಾಡಿಸಲಿ.

ಹೆಸರು ಅಂದೆ, ಯಾವ ಹೆಸರು? ನಮ್ಮಲ್ಲಿ ಬಹಳ ಜನರಿಗೆ ಇದೇ ಫಜೀತಿ. ಇನಿಷಿಯಲ್ ಬಿಡಿಸಿದರೆ ಊರಿನ ಹೆಸರು, ಅಪ್ಪನ ಹೆಸರು ಬರುತ್ತದೆ, ಕೆಲವರ ಪಾಸ್‌ಪೋರ್ಟ್‌ನಲ್ಲಿ ಸರ್‌ನೇಮ್ ಜಾಗ ಖಾಲಿಯೇ ಇರುತ್ತದೆ. ಜರ್ಮನ್ ಫಾರ್ಮಿಗೆ ಸರ್‌ನೇಮ್ ಬೇಕೇ ಬೇಕು. ಸಾಧ್ಯವಾದರೆ ಹೊರಡುವ ಮೊದಲೇ ಪಾಸ್‌ಪೋರ್ಟ್‌ನಲ್ಲಿ ಹೆಸರು ಎರಡು ಭಾಗವಾಗಿ ಬರುವ ಹಾಗೆ ಸರಿಮಾಡಿಸಿ. ಆಗದಿದ್ದರೆ ಯೂನಿವರ್ಸಿಟಿ, ಬ್ಯಾಂಕು, ಇನ್ಶೂರೆನ್ಸು, ನೋಂದಣಿ ಎಲ್ಲ ಕಡೆ ಪಾಸ್‌ಪೋರ್ಟ್‌ನಲ್ಲಿ ಇದ್ದ ಹಾಗೇ ಒಂದೇ ಸ್ಪೆಲಿಂಗ್, ಒಂದೇ ಕ್ರಮ. ಒಂದು ಕಡೆ ಅಪ್ಪನ ಹೆಸರು ಮುಂದೆ, ಇನ್ನೊಂದು ಕಡೆ ಹಿಂದೆ ಅಂತಾದರೆ ಇಲ್ಲಿನ ಕಂಪ್ಯೂಟರಿಗೆ ನೀವು ಇಬ್ಬರು. ಡಬ್ಬಿಯ ಚೀಟಿಯಲ್ಲಿ ಪೂರ್ತಿ ಹೆಸರೇ ಬರೆಯಿರಿ, ಯಾವ ತುಂಡು ಲಕೋಟೆ ಮೇಲೆ ಬಂದರೂ ಸಿಗಲಿ.

ಬಂದ ಪತ್ರ ಅದೇ ದಿನ ಒಡೆದು ನೋಡುವ ಅಭ್ಯಾಸ ಮಾಡಿಕೊಳ್ಳಿ, ಫೋನ್ ಕ್ಯಾಮೆರಾ ಹಿಡಿದರೆ ಅನುವಾದ ಬರುತ್ತದೆ. ಹಳದಿ ಲಕೋಟೆ ಬಂದರೆ ಇನ್ನೂ ಗಮನ ಕೊಡಿ. ಅದು ಸರ್ಕಾರದ ಕಡೆಯಿಂದ ಅಧಿಕೃತವಾಗಿ ತಲುಪಿಸಿದ ಪತ್ರ, ಮೇಲೆ ಪೋಸ್ಟ್‌ಮ್ಯಾನ್ ತಾರೀಖು ಬರೆದಿರುತ್ತಾನೆ, ಉತ್ತರಿಸುವ ಗಡುವು ಆ ತಾರೀಖಿನಿಂದ ಶುರು. ಇನ್ನು ರುಂಡ್‌ಫುಂಕ್ ಅಂತ ಒಂದು ಪತ್ರ ಬಂದೇ ಬರುತ್ತದೆ. ರೇಡಿಯೋ-ಟಿವಿ ಶುಲ್ಕ, ತಿಂಗಳಿಗೆ 18.36 ಯೂರೋ. ನನ್ನ ಹತ್ತಿರ ಟಿವಿನೇ ಇಲ್ಲ ಅಂದರೆ ಕೇಳಲ್ಲ, ಇದು ಮನೆಗೆ ಒಂದು ಅಂತ ಇರುವ ಶುಲ್ಕ. ಹಂಚಿಕೊಂಡ ಮನೆಯಲ್ಲಿ ಈಗಾಗಲೇ ಯಾರಾದರೂ ಕಟ್ಟುತ್ತಿದ್ದರೆ ಅವರ ನಂಬರ್ ಬರೆದು ಉತ್ತರಿಸಿ, ಅವರಿಗೆ ನಿಮ್ಮ ಪಾಲು ಕೊಡಿ. ಮೋಸದ ಪತ್ರ ಅಂತ ಕಸಕ್ಕೆ ಹಾಕಿದರೆ ಬಾಕಿ ಬೆಳೆಯುತ್ತದೆ.

ಇನ್ಶೂರೆನ್ಸ್, ಬ್ಯಾಂಕು, ಪರ್ಮಿಟ್

ಇದು ಚುಟುಕಾಗಿ. ಇನ್ಶೂರೆನ್ಸ್ ಇಲ್ಲದೆ ಯೂನಿವರ್ಸಿಟಿ ನಿಮ್ಮನ್ನು ಸೇರಿಸಿಕೊಳ್ಳಲ್ಲ. 30 ವರ್ಷದೊಳಗಿನವರು ಸರ್ಕಾರಿ ವ್ಯವಸ್ಥೆಯ ಟಿಕೆ, ಎಒಕೆ, ಬಾರ್ಮರ್ ಥರದವುಗಳಲ್ಲಿ ಸ್ಟುಡೆಂಟ್ ರೇಟಿಗೆ ಸೇರಬಹುದು. ಅವರೇ ಯೂನಿವರ್ಸಿಟಿಗೆ ಆನ್‌ಲೈನ್‌ನಲ್ಲಿ ತಿಳಿಸುತ್ತಾರೆ. ಏಜೆಂಟ್ ಒಬ್ಬ "ಪ್ರೈವೇಟ್ ತಗೊಳ್ಳಿ, ತಿಂಗಳಿಗೆ ಬರೀ ಮೂವತ್ತು ಯೂರೋ" ಅಂದರೆ ಆಸೆ ಆಗುತ್ತದೆ. ಒಮ್ಮೆ ಸರ್ಕಾರಿ ವ್ಯವಸ್ಥೆ ಬೇಡ ಅಂತ ಬರೆದುಕೊಟ್ಟರೆ ಓದು ಮುಗಿಯುವವರೆಗೆ ಸ್ಟುಡೆಂಟ್ ಆಗಿ ವಾಪಸ್ ಬರೋಕೆ ಆಗಲ್ಲ. ನನ್ನ ಅಭಿಪ್ರಾಯ ಕೇಳಿದರೆ 30 ದಾಟಿರದವರು ಅದರ ಹತ್ತಿರ ಹೋಗಬೇಡಿ. ವಿಮಾನ ಇಳಿದ ದಿನದಿಂದ ಸೇರ್ಪಡೆ ಆಗುವವರೆಗೆ ಟ್ರಾವೆಲ್ ಇನ್ಶೂರೆನ್ಸ್ ಇರಲಿ.

ಬ್ಲಾಕ್ಡ್ ಅಕೌಂಟಿನ ದುಡ್ಡು ಬರಬೇಕಾದರೆ ಇಲ್ಲಿನ ಮಾಮೂಲಿ ಬ್ಯಾಂಕ್ ಖಾತೆ ಬೇಕು. ಅದು ತೆರೆದು ಮೊದಲ ಕಂತು ಬರುವಷ್ಟರಲ್ಲಿ ವಾರಗಳಾಗಬಹುದು, ಅಷ್ಟರಲ್ಲಿ ಬಾಡಿಗೆ, ಅಡ್ವಾನ್ಸ್ ಎರಡೂ ಕೊಡಬೇಕು. ಅದಕ್ಕೆ ಫಾರೆಕ್ಸ್ ಕಾರ್ಡಿನಲ್ಲಿ ಬೇರೆ ದುಡ್ಡಿರಲಿ, ಕೈಯಲ್ಲಿ ಒಂದಿಷ್ಟು ನೋಟೂ ಇರಲಿ. ಕಾರ್ಡ್ ತಗೊಳ್ಳದ ಬೇಕರಿ, ಹೋಟೆಲ್ಲು ಈಗಲೂ ಇವೆ.

ವೀಸಾ ಸಾಮಾನ್ಯವಾಗಿ ಕೆಲವು ತಿಂಗಳಿಗಷ್ಟೇ ಇರುತ್ತದೆ. ಅದು ಮುಗಿಯುವ ಮೊದಲು ರೆಸಿಡೆನ್ಸ್ ಪರ್ಮಿಟ್‌ಗೆ ಅರ್ಜಿ ಹೋಗಿರಲೇಬೇಕು. ಕಾರ್ಡ್ ಕೈಗೆ ಬರುವುದು ಲೇಟಾದರೆ ಚಿಂತೆಯಿಲ್ಲ, ಸಮಯಕ್ಕೆ ಸರಿಯಾಗಿ ಹಾಕಿದ ಅರ್ಜಿಯೇ ನಿಮ್ಮನ್ನು ಕಾಪಾಡುತ್ತದೆ, ನಡುವಿನ ಅವಧಿಗೆ ಒಂದು ತಾತ್ಕಾಲಿಕ ಪತ್ರವನ್ನೂ ಕೊಡುತ್ತಾರೆ. ಹಾಕಿದ್ದಕ್ಕೆ ಸಾಕ್ಷಿ, ಅಂದರೆ ಇಮೇಲ್ ಅಥವಾ ಪಿಡಿಎಫ್, ಜೋಪಾನ.

ಓಡಾಟ

ಏರ್‌ಪೋರ್ಟ್‌ನಿಂದ ಎಸ್1, ಎಸ್8 ಅನ್ನುವ ಲೋಕಲ್ ರೈಲು ಎರಡೂ ಊರೊಳಗೆ ಬರುತ್ತವೆ, ಸುಮಾರು 40-45 ನಿಮಿಷ. ಮತ್ತೆ ಏರ್‌ಪೋರ್ಟ್‌ಗೆ ಹೋಗುವಾಗ ಎಸ್1 ಹತ್ತಿದರೆ ಹುಷಾರು. ಆ ರೈಲು ನಾಯ್‌ಫಾರ್ನ್‌ನಲ್ಲಿ ಎರಡು ಭಾಗ ಆಗಿ ಒಂದು ಏರ್‌ಪೋರ್ಟ್‌ಗೆ, ಇನ್ನೊಂದು ಫ್ರೈಸಿಂಗ್‌ಗೆ ಹೋಗುತ್ತದೆ. ಬೋಗಿಯ ಮೇಲೆ ಬರೆದಿರುವುದನ್ನು ಓದಿ ಹತ್ತಿ.

ತಿಂಗಳ ಪಾಸಿಗೆ ಡಾಯ್ಚ್‌ಲಾಂಡ್ ಟಿಕೆಟ್. 2023ರ ಮೇನಲ್ಲಿ 49 ಯೂರೋಗೆ ಶುರುವಾದದ್ದು 2025ಕ್ಕೆ 58 ಆಯಿತು, 2026ರ ಜನವರಿಯಿಂದ 63. ಬವೇರಿಯಾದ ವಿದ್ಯಾರ್ಥಿಗಳಿಗೆ ಇದಕ್ಕಿಂತ ಕಡಿಮೆ ಬೆಲೆಯದ್ದು ಸಿಗುತ್ತದೆ, ಸೇರ್ಪಡೆ ಆದ ಮೇಲೆ ಅದನ್ನೇ ತಗೊಳ್ಳಿ. ಇದರಲ್ಲಿ ದೇಶದ ಎಲ್ಲ ಸಿಟಿ ಬಸ್ಸು, ಟ್ರ್ಯಾಮು, ಮೆಟ್ರೋ, ಪ್ಯಾಸೆಂಜರ್ ರೈಲಲ್ಲಿ ಓಡಾಡಬಹುದು. ಐಸಿಇ ಥರದ ಎಕ್ಸ್‌ಪ್ರೆಸ್‌ನಲ್ಲಿ ಆಗಲ್ಲ. ಇದು ತಾನಾಗೇ ಮುಂದುವರಿಯುವ ಚಂದಾ, ಬೇಡ ಅಂದರೆ ಆ ತಿಂಗಳ 10ರೊಳಗೆ ರದ್ದು ಮಾಡಬೇಕು. ಸ್ಟೇಷನ್‌ನಲ್ಲಿ ಗೇಟೂ ಇಲ್ಲ, ಯಾರೂ ಕೇಳುವವರಿಲ್ಲ ಅಂತ ಅನ್ನಿಸುತ್ತದೆ. ಮಾಮೂಲಿ ಬಟ್ಟೆಯಲ್ಲಿ ಪಕ್ಕದಲ್ಲೇ ನಿಂತವರು ಕಾರ್ಡ್ ತೆಗೆದು ತೋರಿಸಿ ಟಿಕೆಟ್ ಕೇಳುತ್ತಾರೆ, ಇಲ್ಲದಿದ್ದರೆ 60 ಯೂರೋ ದಂಡ.

ಈಗ ಸಾಂಬಾರ್ ಪುಡಿ

ಸಾಂಬಾರ್ ಪುಡಿ, ಚಟ್ನಿಪುಡಿ, ಹುಳಿ, ಒಣಮೆಣಸಿನಕಾಯಿ ತನ್ನಿ. ತುಪ್ಪ ತರಬೇಡಿ. ಯುರೋಪಿಗೆ ಹೊರಗಿಂದ ಬರುವವರು ಹಾಲಿನ ಪದಾರ್ಥ, ಮಾಂಸ ತರುವಂತಿಲ್ಲ. ಖೋವಾ, ಪನೀರ್, ಅಜ್ಜಿ ಕಾಯಿಸಿದ ತುಪ್ಪದ ಡಬ್ಬಿ ಎಲ್ಲವೂ ಕಸ್ಟಮ್ಸ್‌ನವರ ಪಾಲು. ಹಸಿ ಕರಿಬೇವಿಗೂ ಅದೇ ಗತಿ. 2019ರ ಡಿಸೆಂಬರ್‌ನಿಂದ ಹಸಿ ಸೊಪ್ಪು, ತರಕಾರಿ, ಹಣ್ಣಿಗೆ ಗಿಡದ ಆರೋಗ್ಯದ ಸರ್ಟಿಫಿಕೇಟ್ ಬೇಕು. ಬಾಳೆಹಣ್ಣು, ತೆಂಗಿನಕಾಯಿ, ಖರ್ಜೂರ, ಅನಾನಸ್, ಡ್ಯೂರಿಯನ್‌ಗೆ ಮಾತ್ರ ವಿನಾಯಿತಿ. ಮಾವಿನಹಣ್ಣಿಗಿಲ್ಲ. ಕರಿಬೇವನ್ನು ಮನೆಯಲ್ಲೇ ಚೆನ್ನಾಗಿ ಒಣಗಿಸಿ ತನ್ನಿ. ತುಪ್ಪಕ್ಕೆ ಇಲ್ಲಿನ ಉಪ್ಪಿಲ್ಲದ ಬೆಣ್ಣೆ ತಂದು ಕಾಯಿಸಿದರೆ ಮುಗೀತು, ಬೆಣ್ಣೆ ಇಲ್ಲಿ ಒಳ್ಳೆಯದೇ ಸಿಗುತ್ತದೆ.

ಅಕ್ಕಿ, ಬೇಳೆ ಹೊತ್ತು ತರುವುದು ದಡ್ಡತನ. ಮುಖ್ಯ ರೈಲ್ವೆ ಸ್ಟೇಷನ್ನಿನ ದಕ್ಷಿಣಕ್ಕೆ ಗ್ಯೋಥೆಸ್ಟ್ರಾಸೆ, ಲಾಂಡ್‌ವೇರ್‌ಸ್ಟ್ರಾಸೆ ಅಂತ ಎರಡು ಬೀದಿ ಇವೆ. ಟರ್ಕಿಯವರ, ಅರಬರ ಅಂಗಡಿಗಳು ಸಾಲಾಗಿವೆ. ಕೊತ್ತಂಬರಿ ಸೊಪ್ಪು ಸೂಪರ್‌ಮಾರ್ಕೆಟ್‌ನಲ್ಲಿ ಪುಟ್ಟ ಕುಂಡದಲ್ಲೋ ನಾಲ್ಕು ಎಸಳಿನ ಪ್ಯಾಕೆಟ್ಟಿನಲ್ಲೋ ಬಂದರೆ ಇಲ್ಲಿ ಕಟ್ಟುಗಟ್ಟಲೆ ಸಿಗುತ್ತದೆ. ಹಸಿಮೆಣಸಿನಕಾಯಿ, ಕಡಲೆ, ಬೆಂಡೆಕಾಯಿ ಕೂಡ. ತೊಗರಿಬೇಳೆ, ಸೋನಾಮಸೂರಿ, ರಾಗಿಹಿಟ್ಟಿಗೆ ಇಂಡಿಯನ್ ಅಂಗಡಿ. ಮಸೂರ್ ಬೇಳೆ ಎಲ್ಲ ಸೂಪರ್‌ಮಾರ್ಕೆಟ್‌ನಲ್ಲೂ ಇದೆ, ತೊಗರಿ ಮುಗಿದ ದಿನ ಸಾರಿಗೆ ಅದೇ ಸಾಕು. ಮೊಸರನ್ನಕ್ಕೆ ನಟೂರ್‌ಯೋಗರ್ಟ್ 3.5 ಪರ್ಸೆಂಟ್ ತಗೊಳ್ಳಿ. ಪಕ್ಕದಲ್ಲೇ ಅದೇ ಥರದ ಡಬ್ಬಿಯಲ್ಲಿ ಕ್ವಾರ್ಕ್ ಅನ್ನುವ ಮೆತ್ತನೆ ಚೀಸ್ ಇರುತ್ತದೆ, ಅದನ್ನು ಅನ್ನಕ್ಕೆ ಕಲಸಿದರೆ ಗಾರೆ ಥರ ಆಗುತ್ತದೆ.

ಕುಕ್ಕರ್ ತನ್ನಿ, ಆದರೆ ಇಂಡಕ್ಷನ್ ತಳ ಇರುವುದು, ಮೂರು ಲೀಟರ್ ಸಾಕು. ಹೆಚ್ಚುವರಿ ಗ್ಯಾಸ್ಕೆಟ್ಟೂ ಇರಲಿ, ಇಲ್ಲಿ ಸುಲಭಕ್ಕೆ ಸಿಗಲ್ಲ. ಮಿಕ್ಸಿ ಇಲ್ಲೂ 230 ವೋಲ್ಟೇ ಆದ್ದರಿಂದ ಓಡುತ್ತದೆ, ನಮ್ಮ ಮೂರು ಪಿನ್ನಿಗೆ ಅಡಾಪ್ಟರ್ ಬೇಕು.

ಒಗ್ಗರಣೆ ವಿಷಯ. ಹಾಸ್ಟೆಲ್ ರೂಮಿನ ಚಾವಣಿಯಲ್ಲಿ ಬಿಳಿ ಬಿಲ್ಲೆಯಂಥ ಹೊಗೆ ಸೆನ್ಸರ್ ಇರುತ್ತದೆ. ಒಣಮೆಣಸಿನಕಾಯಿ ಸೀದರೆ ಅದು ಕಿರುಚುತ್ತದೆ. ಆಗ ಎಲ್ಲರೂ ಗಾಬರಿಯಲ್ಲಿ ಮೊದಲು ಮಾಡುವುದು ರೂಮಿನ ಬಾಗಿಲು ತೆಗೆಯುವುದು. ಹೊಗೆ ಕಾರಿಡಾರ್‌ಗೆ ಹೋಗುತ್ತದೆ, ಕಾರಿಡಾರ್‌ನ ಸೆನ್ಸರ್ ಇಡೀ ಕಟ್ಟಡದ ಅಲಾರಂಗೆ ಜೋಡಿಸಿದ್ದರೆ ಹತ್ತು ನಿಮಿಷದಲ್ಲಿ ಫೈರ್ ಎಂಜಿನ್ ಕೆಳಗೆ ನಿಂತಿರುತ್ತದೆ, ಖರ್ಚು ನಿಮ್ಮ ತಲೆಗೆ ಬರಬಹುದು. ಬಾಗಿಲು ಮುಚ್ಚಿಡಿ, ಕಿಟಕಿ ಪೂರ್ತಿ ತೆಗೆಯಿರಿ, ಟವೆಲ್ ಬೀಸಿ. ಒಗ್ಗರಣೆಗೆ ಮೊದಲೇ ಕಿಟಕಿ ತೆಗೆದಿಟ್ಟರೆ ಇನ್ನೂ ವಾಸಿ. ಸೆನ್ಸರ್‌ಗೆ ಪ್ಲಾಸ್ಟಿಕ್ ಕವರ್ ಕಟ್ಟುವ ಬುದ್ಧಿವಂತಿಕೆ ಮಾತ್ರ ಬೇಡ, ಅದು ಅಪಾಯ.

ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಸದ್ದು ಮಾಡುವಂತಿಲ್ಲ, ಭಾನುವಾರ ಇಡೀ ದಿನ ಮೆತ್ತಗೆ. ಚಟ್ನಿ ರುಬ್ಬುವುದು ಶನಿವಾರವೇ ಆಗಲಿ. ಭಾನುವಾರ ಅಂಗಡಿಗಳೂ ಬಂದ್, ಉಳಿದ ದಿನ ರಾತ್ರಿ 8ಕ್ಕೇ ಬಾಗಿಲು ಹಾಕುತ್ತಾರೆ. ಶನಿವಾರ ಮರೆತರೆ ಮುಖ್ಯ ರೈಲ್ವೆ ಸ್ಟೇಷನ್ ಒಳಗಿನ ಅಂಗಡಿಗಳೇ ಗತಿ. ನೀರಿನ ಬಾಟಲಿ ಕೊಳ್ಳಬೇಡಿ, ನಲ್ಲಿ ನೀರು ಧಾರಾಳವಾಗಿ ಕುಡಿಯಬಹುದು. ಕೊಂಡರೂ ಖಾಲಿ ಬಾಟಲಿ ಎಸೆಯಬೇಡಿ, ಒಮ್ಮೆ ಬಳಸಿ ಬಿಡುವ ಪ್ಲಾಸ್ಟಿಕ್ಕಿನದಕ್ಕೆ ಸೂಪರ್‌ಮಾರ್ಕೆಟ್ಟಿನ ಯಂತ್ರದಲ್ಲಿ 25 ಸೆಂಟ್, ಗಾಜಿನ ಬಿಯರ್ ಬಾಟಲಿಗೆ 8 ಸೆಂಟ್ ವಾಪಸ್ ಬರುತ್ತದೆ.

ಚಳಿ, ಜ್ವರ

ದಪ್ಪ ಜಾಕೆಟ್ ಇಲ್ಲೇ ತಗೊಳ್ಳಿ. ಬೆಂಗಳೂರಿನ ಜಾಕೆಟ್ ಇಲ್ಲಿನ ಅಕ್ಟೋಬರ್‌ಗೆ ಸಾಕು, ಜನವರಿಗೆ ಸಾಲಲ್ಲ. ಕ್ಲೈನ್‌ಆನ್‌ಸೈಗನ್ ಅನ್ನುವ ಆ್ಯಪಿನಲ್ಲಿ ಸೆಕೆಂಡ್ ಹ್ಯಾಂಡ್ ಜಾಕೆಟ್ಟು, ಸೈಕಲ್ಲು, ಟೇಬಲ್ಲು ಎಲ್ಲ ಸಿಗುತ್ತದೆ. ಚಳಿಗಿಂತ ಕಾಡುವುದು ಕತ್ತಲೆ. ಡಿಸೆಂಬರ್‌ನಲ್ಲಿ ನಾಲ್ಕೂವರೆ ಒಳಗೇ ಸೂರ್ಯ ಮುಳುಗುತ್ತಾನೆ. ಕ್ಲಾಸ್ ಮುಗಿಸಿ ಬಂದು ರೂಮು ಸೇರಿದರೆ ಆಚೆ ಹೋಗೋಕೆ ಮನಸ್ಸೇ ಬರಲ್ಲ, ಅದಕ್ಕೆ ಮಧ್ಯಾಹ್ನ ಬೆಳಕಿರುವಾಗಲೇ ಅರ್ಧ ಗಂಟೆ ನಡೆದು ಬನ್ನಿ. ಮನೆಗೆ ಫೋನ್ ಮಾಡುವ ಹೊತ್ತೂ ಬದಲಾಗುತ್ತದೆ: ಬೇಸಿಗೆಯಲ್ಲಿ ನಾವು ಮೂರೂವರೆ ಗಂಟೆ ಹಿಂದೆ, ಅಕ್ಟೋಬರ್ ಕೊನೇ ಭಾನುವಾರದಿಂದ ನಾಲ್ಕೂವರೆ. ಅಮ್ಮನಿಗೆ ಮೊದಲೇ ಹೇಳಿಡಿ, ಇಲ್ಲದಿದ್ದರೆ ಯಾಕೆ ಲೇಟು ಅಂತ ಗಾಬರಿ.

ಚಳಿ ಅಂತ ಕಿಟಕಿ ತೆಗೆಯದೇ ಇದ್ದರೆ ಗೋಡೆಗೆ ಬೂಷ್ಟು ಹಿಡಿಯುತ್ತದೆ, ಅಡ್ವಾನ್ಸ್‌ನಲ್ಲಿ ಕಡಿಯುತ್ತಾರೆ. ದಿನಕ್ಕೆ ಎರಡು ಮೂರು ಸಲ ಐದು ನಿಮಿಷ ಕಿಟಕಿ ಪೂರ್ತಿ ತೆಗೆದು ಮುಚ್ಚಿ. ಒಳಗೆ ಬಟ್ಟೆ ಒಣಗಿಸುವವರು ಇನ್ನೂ ಜಾಸ್ತಿ ಸಲ ತೆಗೆಯಬೇಕು.

ಊರಿಂದ ತಗೊಳ್ಳುವ ಮಾತ್ರೆ ಇದ್ದರೆ ಮೂರು ತಿಂಗಳಿಗಾಗುವಷ್ಟು, ಚೀಟಿ ಸಮೇತ ತನ್ನಿ. ಪ್ಯಾರಾಸಿಟಮಾಲ್ ಕೂಡ ಮೆಡಿಕಲ್ ಶಾಪ್‌ನಲ್ಲೇ ಸಿಗುವುದು, ಸೂಪರ್‌ಮಾರ್ಕೆಟ್‌ನಲ್ಲಿ ಇಲ್ಲ. ಹುಷಾರಿಲ್ಲ, ಆದರೆ ಪ್ರಾಣಕ್ಕೇನೂ ಅಪಾಯವಿಲ್ಲ ಅಂತಿದ್ದರೆ ರಾತ್ರಿ, ರಜಾದಿನ 116117ಕ್ಕೆ ಫೋನ್ ಮಾಡಿ. ಆಂಬ್ಯುಲೆನ್ಸ್, ಬೆಂಕಿಗೆ 112. ಪೊಲೀಸ್ 110. ಇಲ್ಲಿನ ಡಾಕ್ಟರು ಗಂಟಲು ನೋವಿಗೆ ಸುಲಭಕ್ಕೆ ಆ್ಯಂಟಿಬಯೋಟಿಕ್ ಬರೆಯಲ್ಲ, ಬಿಸಿ ಟೀ ಕುಡಿದು ಮಲಗು ಅನ್ನುತ್ತಾರೆ. ಬೇಜಾರಾಗಬೇಡಿ.

ಕ್ಲಾಸು, ಕೆಲಸ, ಜನ

ಟೈಮ್‌ಟೇಬಲ್‌ನಲ್ಲಿ 10 ಅಂತ ಬರೆದು ಪಕ್ಕದಲ್ಲಿ ಸಿ.ಟಿ. ಅಂತಿದ್ದರೆ ಪಾಠ ಶುರುವಾಗುವುದು 10:15ಕ್ಕೆ. ಎಸ್.ಟಿ. ಅಂತಿದ್ದರೆ 10ಕ್ಕೇ. ಪಾಠ ಮುಗಿದಾಗ ಎಲ್ಲರೂ ಬೆಂಚು ಕುಟ್ಟುತ್ತಾರೆ, ಅದು ಇಲ್ಲಿನ ಚಪ್ಪಾಳೆ. ಅಂಕ ಉಲ್ಟಾ: 1.0 ಅತ್ಯುತ್ತಮ, 4.0 ಪಾಸು, 5.0 ಫೇಲು.

ಒಂದು ವಿಷಯ ದಪ್ಪ ಅಕ್ಷರದಲ್ಲಿ ಬರೆದಿಟ್ಟುಕೊಳ್ಳಿ. ಕೋರ್ಸಿಗೆ ಸೇರಿದ ಮಾತ್ರಕ್ಕೆ ಪರೀಕ್ಷೆಗೆ ಸೇರಿದ ಹಾಗಲ್ಲ. ಪ್ರತಿ ಪರೀಕ್ಷೆಗೂ ಪೋರ್ಟಲ್‌ನಲ್ಲಿ ಬೇರೆ ನೋಂದಣಿ, ಅದಕ್ಕೆ ಬೇರೆ ಗಡುವು. ನಮ್ಮಲ್ಲಿ ಕಾಲೇಜಿನವರೇ ಹಾಲ್ ಟಿಕೆಟ್ ಕೊಟ್ಟು ಕಳಿಸುತ್ತಾರೆ. ಇಲ್ಲಿ ಯಾರೂ ನೆನಪಿಸಲ್ಲ.

ಪಾರ್ಟ್‌ಟೈಮ್ ಕೆಲಸಕ್ಕೆ 2024ರ ಮಾರ್ಚ್‌ನಿಂದ ವರ್ಷಕ್ಕೆ 140 ಪೂರ್ತಿ ದಿನ ಅಥವಾ 280 ಅರ್ಧ ದಿನ ಅವಕಾಶ ಇದೆ. ಪಾಠ ನಡೆಯುವಾಗ ವಾರಕ್ಕೆ 20 ಗಂಟೆ ದಾಟಿದರೆ ಇನ್ಶೂರೆನ್ಸ್ ಲೆಕ್ಕ ಬದಲಾಗುತ್ತದೆ, ಅದನ್ನು ದಾಟದ ಹಾಗೆ ನೋಡಿಕೊಳ್ಳಿ. ಕನಿಷ್ಠ ಕೂಲಿ 2026ರ ಜನವರಿಯಿಂದ ಗಂಟೆಗೆ 13.90 ಯೂರೋ. ಮೊದಲ ಸೆಮಿಸ್ಟರ್‌ನಲ್ಲೇ ಗೋಡೌನ್ ಕೆಲಸಕ್ಕೆ ರಾತ್ರಿಯೆಲ್ಲ ನಿಲ್ಲಬೇಡಿ ಅಂತ ನನ್ನ ಸಲಹೆ. ಸಾಧ್ಯವಾದರೆ ಜರ್ಮನ್ ಎ2 ಮಟ್ಟಕ್ಕೆ ಕಲಿತು, ಎರಡನೇ ಸೆಮಿಸ್ಟರ್‌ನಿಂದ ನಿಮ್ಮ ವಿಭಾಗದಲ್ಲೇ ಹೀವಿ ಕೆಲಸ, ಅಂದರೆ ಪ್ರೊಫೆಸರ್ ಕೈಕೆಳಗಿನ ಸಹಾಯಕರ ಕೆಲಸ, ಹುಡುಕಿ. ಸಂಬಳ ಹೆಚ್ಚು ವ್ಯತ್ಯಾಸ ಇಲ್ಲ, ಆದರೆ ಥೀಸಿಸ್‌ಗೆ ಗೈಡ್ ಸಿಗುವುದು ಆ ದಾರಿಯಲ್ಲೇ.

ಕನ್ನಡಿಗರ ಸಂಘ ಮ್ಯೂನಿಕ್‌ನಲ್ಲಿದೆ. ಯುಗಾದಿಗೆ, ರಾಜ್ಯೋತ್ಸವಕ್ಕೆ ಹೋಗಿ. ಹೋಳಿಗೆಗೆ ಅಂತಲೇ ಹೋದರೂ ತಪ್ಪಿಲ್ಲ, ಮನೆ ಹುಡುಕುವಾಗ ಒಂದು ಮಾತು ಆಡಿಕೊಡುವ ಅಕ್ಕ, ಅಣ್ಣಂದಿರು ಅಲ್ಲೇ ಸಿಗುವುದು. ಹಾಗಂತ ರೂಮು, ಊಟ, ವಾಟ್ಸಾಪ್ ಗುಂಪು ಎಲ್ಲ ನಮ್ಮವರ ಜೊತೆಗೇ ಆದರೆ ಎರಡು ವರ್ಷ ಕಳೆದರೂ ಜರ್ಮನ್ ಬಾಯಿಗೆ ಬರಲ್ಲ. ಇಲ್ಲಿನವರು ತಾವಾಗೇ ಬಂದು ಮಾತಾಡಿಸುವುದು ಕಡಿಮೆ. ಪ್ರತಿ ವಾರ ಅದೇ ಹೊತ್ತಿಗೆ ಅದೇ ಜಾಗದಲ್ಲಿ ಕಂಡವರ ಜೊತೆ ನಿಧಾನಕ್ಕೆ ಮಾತು ಬೆಳೆಯುತ್ತದೆ. ಅದಕ್ಕೆ ಸುಲಭ ದಾರಿ ಜೆಡ್‌ಎಚ್‌ಎಸ್, ಅಂದರೆ ಎಲ್ಲ ಯೂನಿವರ್ಸಿಟಿಗೂ ಸೇರಿ ಒಲಿಂಪಿಕ್ ಪಾರ್ಕ್‌ನಲ್ಲಿ ನಡೆಯುವ ಕ್ರೀಡಾ ಕೇಂದ್ರ. ಬ್ಯಾಡ್ಮಿಂಟನ್, ಈಜು, ಬೆಟ್ಟ ಹತ್ತುವುದು, ನಮ್ಮ ಜಿಮ್ ಫೀಸಿಗೆ ಹೋಲಿಸಿದರೆ ತುಂಬಾ ಅಗ್ಗ. ಒಳ್ಳೆಯ ಕೋರ್ಸುಗಳು ಬುಕಿಂಗ್ ತೆರೆದ ಕೆಲವೇ ನಿಮಿಷದಲ್ಲಿ ಭರ್ತಿ ಆಗುತ್ತವೆ. ಸೆಮಿಸ್ಟರ್ ಶುರುವಿನಲ್ಲೇ ಆ ತಾರೀಖು, ಗಂಟೆ ನೋಡಿ ಫೋನಿನಲ್ಲಿ ಅಲಾರಂ ಇಟ್ಟುಕೊಳ್ಳಿ.